ಏಳು ತಿಂಗಳೂ ಬಾಳದ ಹೆವಿ ಡ್ಯೂಟಿ ಸ್ಪ್ರಿಂಗ್: ಹಣ ವಾಪಸ್ ಕೋರಿ ದೂರು

ಹಾಸನ
ದಿನಾಂಕ: 24-11-2025

ಗೆ,
ಗ್ರಾಹಕರ ದೂರು ವಿಭಾಗದ ಮುಖ್ಯಸ್ಥರಿಗೆ

ವಿಷಯ: ಸ್ವಿಫ್ಟ್ ಕಾರಿನ ಹಿಂಬದಿಯ ಸಸ್ಪೆನ್ಷನ್ ಕಿಟ್ (ಕಾರಿನ ಭಾರ ಹೊರುವ ಎರಡು ಸ್ಪ್ರಿಂಗ್, ಅವುಗಳ ಕುಣಿತ ತಡೆಯುವ ಎರಡು ಶಾಕ್ ಅಬ್ಸಾರ್ಬರ್) ವಾರಂಟಿ ಅವಧಿಯಲ್ಲೇ ಕೆಟ್ಟಿರುವ ಬಗ್ಗೆ

ಮಾನ್ಯರೇ,

ನವೆಂಬರ್ 10ರಂದು ನಿಮ್ಮ ಕಡೆಯಿಂದ ಬಂದ ಮೂರು ಸಾಲಿನ ಇಮೇಲ್‌ಗೆ ಇದು ನನ್ನ ಉತ್ತರ. ಕೆಟ್ಟ ರಸ್ತೆ ಮತ್ತು ಓವರ್‌ಲೋಡ್‌ನಿಂದ ಸ್ಪ್ರಿಂಗ್ ಮುರಿದಿದೆ, ಆದ್ದರಿಂದ ವಾರಂಟಿ ಸಿಗುವುದಿಲ್ಲ ಎಂದು ಬರೆದಿದ್ದೀರಿ. ಮುರಿದ ಸ್ಪ್ರಿಂಗನ್ನು ನಿಮ್ಮವರು ಯಾರೂ ನೋಡಿಲ್ಲ. ಕಳಿಸಿಕೊಡಿ ಅಂತಲೂ ಕೇಳಲಿಲ್ಲ. ನಾನು ನೋಡಿದ್ದೇನೆ. ಅದೂ ಸುಮ್ನೆ ಕಣ್ಣಲ್ಲಿ ಅಲ್ಲ, ದಪ್ಪ ಅಳೆಯುವ ವರ್ನಿಯರ್ ಹಿಡಿದು. ಇಪ್ಪತ್ತೆರಡು ವರ್ಷದಿಂದ ಲೇತ್ ಕೆಲಸ ಮಾಡಿಕೊಂಡು ಬಂದವನು ನಾನು. ಕಬ್ಬಿಣ ಯಾಕೆ ಮುರಿಯಿತು ಅನ್ನೋದು ಸ್ವಲ್ಪ ಮಟ್ಟಿಗೆ ಗೊತ್ತಾಗುತ್ತೆ.

ಮೊದಲಿಂದ ಹೇಳುತ್ತೇನೆ. ನನ್ನದು 2014ರ ಡೀಸೆಲ್ ಸ್ವಿಫ್ಟ್. ಈ ವರ್ಷದ ಏಪ್ರಿಲ್ ಹೊತ್ತಿಗೆ 1,12,000 ಕಿ.ಮೀ ಓಡಿತ್ತು. ಹಿಂದಿನ ಸ್ಪ್ರಿಂಗ್ ಬಳಲಿ, ಹಿಂದೆ ಇಬ್ಬರು ಕೂತರೆ ಸಾಕು, ಹಂಪ್‌ಗಳಿಗೆಲ್ಲ ಕಾರಿನ ಹೊಟ್ಟೆ ತಾಗುತ್ತಿತ್ತು. ನಮ್ಮ ಊರಿನ ಹಂಪ್‌ಗಳು ಹೇಗಿರುತ್ತವೆ ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ. ಕಾರು ಕಂಪನಿಯ ಸಾಮಾನೇ ಹಾಕ್ಸಿ ಸಾರ್ ಅಂತ ನಮ್ಮ ಮೆಕ್ಯಾನಿಕ್ ಹೇಳಿದ. ನಾನೇ ಕೇಳಲಿಲ್ಲ. ನಿಮ್ಮ ಜಾಹೀರಾತಿನಲ್ಲಿ 'ಹೆವಿ ಡ್ಯೂಟಿ, ಭಾರತದ ರಸ್ತೆಗಳಿಗೆಂದೇ ಮಾಡಿದ್ದು, ಒಂದಿಂಚು ಎತ್ತರ ಜಾಸ್ತಿ' ಅಂತ ಇತ್ತು. ಎರಡು ವರ್ಷ ಅಥವಾ 40,000 ಕಿ.ಮೀ ವಾರಂಟಿ ಬೇರೆ. 12,600 ರೂಪಾಯಿ ಕೊಟ್ಟು ಕಿಟ್ ತರಿಸಿದೆ. ಏಪ್ರಿಲ್ 13ರಂದು ಮೆಕ್ಯಾನಿಕ್ ಕೈಯಲ್ಲೇ ಹಾಕಿಸಿದೆ. ಕೂಲಿ 1,400.

ಮೊದಲ ಎರಡು ತಿಂಗಳು ತಕರಾರಿಲ್ಲ. ಸ್ವಲ್ಪ ಗಡುಸು ಅನ್ನಿಸಿತು, ಅಷ್ಟೆ. ಜುಲೈನಲ್ಲಿ ಒಂದು ದಿನ ಕಾರು ತೊಳೆಯುವಾಗ ಗಮನಿಸಿದೆ. ಹಿಂದಿನ ಎಡಗಡೆ ಒಂದು ಬೆರಳಿನಷ್ಟು ತಗ್ಗಿತ್ತು. ಟೈರಿಗೂ ಮೇಲಿನ ಮಡ್‌ಗಾರ್ಡ್ ಅಂಚಿಗೂ ನಡುವೆ ಬಲಗಡೆ ನಾಲ್ಕು ಬೆರಳು ಹೋಗುತ್ತಿತ್ತು, ಎಡಗಡೆ ಮೂರು. ಗಾಳಿ ಎರಡರಲ್ಲೂ ಒಂದೇ. ನಿಂತಿದ್ದ ಜಾಗ ನಮ್ಮ ವರ್ಕ್‌ಶಾಪಿನ ಸಿಮೆಂಟ್ ನೆಲ, ಮಟ್ಟಸ. ಅವತ್ತೇ ನಿಮ್ಮ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಆ ಕಡೆಯ ಹುಡುಗ ಹೇಳಿದ್ದು ಒಂದೇ ಮಾತು: "ಹೊಸ ಸ್ಪ್ರಿಂಗ್ ಅಲ್ವಾ ಸರ್, ಓಡ್ತಾ ಓಡ್ತಾ ಸೆಟ್ ಆಗುತ್ತೆ."

ಸ್ಪ್ರಿಂಗ್ ವಿಷಯದಲ್ಲಿ 'ಸೆಟ್ ಆಗೋದು' ಅಂದರೆ ಕುಸಿದು, ಮತ್ತೆ ಮೊದಲಿನ ಎತ್ತರಕ್ಕೆ ಬರದೇ ಇರೋದು. ಪಾಪ, ಆ ಹುಡುಗನಿಗೆ ಗೊತ್ತಿಲ್ಲದೇ ನಿಜವನ್ನೇ ಹೇಳಿಬಿಟ್ಟಿದ್ದ. ಅವನ ಮಾತು ಕೇಳಿ ಸುಮ್ಮನಾಗಿದ್ದು ನನ್ನ ತಪ್ಪು.

ನವೆಂಬರ್ 2, ಭಾನುವಾರ. ಧರ್ಮಸ್ಥಳಕ್ಕೆ ಹೋಗಿ ವಾಪಸ್ ಬರುತ್ತಿದ್ದೆವು. ಕಾರಿನಲ್ಲಿ ನಾನು, ನನ್ನ ಹೆಂಡತಿ, ಅಮ್ಮ, ಮಗಳು. ಡಿಕ್ಕಿಯಲ್ಲಿ ಎರಡು ಬ್ಯಾಗು. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುತ್ತಿದ್ದೆವು. ಕತ್ತಲಾಗಿತ್ತು. ಮಾರನಹಳ್ಳಿ ಇನ್ನೂ ಸ್ವಲ್ಪ ಮುಂದೆ ಇರುವಾಗ ಹಿಂದಿನಿಂದ 'ಠಣ್' ಅಂತ ಶಬ್ದ ಬಂತು. ಕಲ್ಲು ಸಿಡಿಯಿತು ಅಂದುಕೊಂಡೆ. ಮುಂದಿನ ತಿರುವಿನಲ್ಲಿ ಕಾರಿನ ಹಿಂಭಾಗ ಎಡಕ್ಕೆ ಕೂತೇಬಿಟ್ಟಿತು. ಸ್ಟೀರಿಂಗ್ ನಾನು ತಿರುಗಿಸಿದ್ದು ಒಂದು, ಕಾರು ಹೋಗಿದ್ದು ಇನ್ನೊಂದು. ಎದುರಿಗೆ ಟ್ಯಾಂಕರ್ ಬರುತ್ತಿತ್ತು. ಆ ಡ್ರೈವರ್ ನಿಧಾನಕ್ಕೆ ಇಳಿಯುತ್ತಿದ್ದರಿಂದ ನಿಲ್ಲಿಸಿಕೊಂಡರು. ಅದಕ್ಕಿಂತ ಹೆಚ್ಚು ಇಲ್ಲಿ ಬರೆಯೋದಿಲ್ಲ. ಅಮ್ಮ ಇವತ್ತಿಗೂ ಆ ಕಾರು ಹತ್ತುತ್ತಿಲ್ಲ.

ಟೋಯಿಂಗ್ ಗಾಡಿ ಬರುವ ಹೊತ್ತಿಗೆ ರಾತ್ರಿ ಹತ್ತೂವರೆ. ಹಾಸನದವರೆಗೆ 5,000 ರೂಪಾಯಿ.

ಮಾರನೇ ದಿನ ಕಾರನ್ನು ಎತ್ತಿ ಚಕ್ರ ಬಿಚ್ಚಿದೆವು. ಎಡಗಡೆ ಸ್ಪ್ರಿಂಗ್ ಕೆಳಗಿನಿಂದ ಸುಮಾರು ಮುಕ್ಕಾಲು ಸುತ್ತಿನ ಹತ್ತಿರ ಎರಡು ತುಂಡಾಗಿತ್ತು. ಮೇಲಿನ ತುಂಡು ಸ್ಪ್ರಿಂಗ್ ಕೂರುವ ಸೀಟ್ ಬಿಟ್ಟು ಪಕ್ಕಕ್ಕೆ ಜಾರಿ, ಅದರ ಚೂಪು ತುದಿ ಹ್ಯಾಂಡ್ ಬ್ರೇಕ್ ಕೇಬಲ್‌ನ ಮೇಲಿನ ಪದರವನ್ನು ಕೊಯ್ದಿತ್ತು. ಸ್ಪ್ರಿಂಗ್ ಪೂರ್ತಿ ಕುಗ್ಗಿದಾಗ ಏಟು ತಡೆಯುವ ಬಂಪ್ ಸ್ಟಾಪ್ ರಬ್ಬರ್ ಬಿಸ್ಕತ್ತಿನ ಹಾಗೆ ಪುಡಿಯಾಗಿತ್ತು. ಶಾಕ್ ಅಬ್ಸಾರ್ಬರ್ ಮೈಯೆಲ್ಲ ಎಣ್ಣೆ, ಅದರ ಮೇಲೆ ಗಟ್ಟಿಯಾಗಿ ಮೆತ್ತಿಕೊಂಡ ಧೂಳು. ಅಂದರೆ ಅದು ಸೋರುತ್ತಿದ್ದದ್ದು ಮುರಿದ ರಾತ್ರಿಯಿಂದ ಅಲ್ಲ, ಎಷ್ಟೋ ವಾರದಿಂದ.

ಈಗ ಮುರಿದ ಬಾಯಿ, ಅಂದರೆ ಸ್ಪ್ರಿಂಗ್ ತುಂಡಾದ ಕಡೆಯ ಮೈ ನೋಡಿ. ಫೋಟೋ ಜೊತೆಗಿಟ್ಟಿದ್ದೇನೆ. ಒಂದು ಅಂಚಿನಲ್ಲಿ ಉಗುರಿನ ಆಕಾರದ ಕಂದು ಕಲೆ ಕಾಣುತ್ತೆ, ತುಕ್ಕು. ಉಳಿದ ಭಾಗ ಬೆಳ್ಳಗೆ, ಸಕ್ಕರೆ ಹರಳಿನ ಹಾಗೆ ಮಿನುಗುತ್ತೆ. ಒಂದೇ ಏಟಿಗೆ ಮುರಿದ ಕಬ್ಬಿಣದ ಬಾಯಿ ಪೂರ್ತಿ ಬೆಳ್ಳಗಿರಬೇಕು. ಕಂದು ಇರುವ ಕಡೆ ಮೊದಲೇ ಬಿರುಕು ಬಿಟ್ಟು, ಒಳಗೆ ನೀರು ಹೋಗಿ, ದಿನಾ ಚೂರು ಚೂರು ಮುಂದೆ ಹೋಗಿದೆ. ಕೊನೆಗೆ ಉಳಿದ ಲೋಹಕ್ಕೆ ತಡೆಯಲಾಗದೆ ಒಮ್ಮೆಲೇ ಕಿತ್ತಿದೆ. ಆ ಬಿರುಕು ಶುರುವಾಗಿರುವುದು ಸ್ಪ್ರಿಂಗ್ ರಬ್ಬರ್ ಸೀಟಿಗೆ ತಾಗುವ ಜಾಗದಲ್ಲಿ. ಅಲ್ಲಿ ಬಣ್ಣ ಹಾಳೆಹಾಳೆಯಾಗಿ ಎದ್ದುಬಂದಿದೆ. ಉಗುರಿನಲ್ಲಿ ಕೆರೆದರೆ ಸಿಪ್ಪೆಯ ಹಾಗೆ ಸುಲಿಯುತ್ತೆ. ಮರಳು, ನೀರು ನಿಲ್ಲುವ ಜಾಗ ಅದು. ಬಣ್ಣ ಗಟ್ಟಿಯಾಗಿ ಇರಬೇಕಾದದ್ದೇ ಅಲ್ಲಿ. ಕಾರಿನ ಜೊತೆ ಬಂದಿದ್ದ ಹಳೇ ಸ್ಪ್ರಿಂಗ್‌ಗಳು ನನ್ನ ಹತ್ತಿರ ಇನ್ನೂ ಇವೆ. ಹನ್ನೊಂದು ವರ್ಷ ಇದೇ ಘಾಟಿಯಲ್ಲಿ ಮಳೆ ತಿಂದಿವೆ. ಕುಸಿದಿವೆ, ಹೌದು. ಬಣ್ಣ ಇನ್ನೂ ಮೈಗೆ ಅಂಟಿಕೊಂಡೇ ಇದೆ.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ನಿಮ್ಮ ಎರಡು ಸ್ಪ್ರಿಂಗ್‌ಗಳೂ ಒಂದೇ ಅಲ್ಲ. ಎರಡರ ಮೇಲೂ ಒಂದೇ ಪಾರ್ಟ್ ನಂಬರ್, ಒಂದೇ ಬ್ಯಾಚ್ ನಂಬರಿನ ಸ್ಟಿಕ್ಕರ್ ಇದೆ. ಬಣ್ಣದ ದಪ್ಪ ಲೆಕ್ಕಕ್ಕೆ ಬರಬಾರದು ಅಂತ ಪೂರ್ತಿ ಕೆರೆದು, ಐದೈದು ಕಡೆ ಅಳೆದೆ. ಬಲಗಡೆ ಸ್ಪ್ರಿಂಗ್ ಸುತ್ತಿದ ತಂತಿಯ ದಪ್ಪ 11.5 ಮಿ.ಮೀ. ಮುರಿದ ಎಡಗಡೆಯದ್ದು 11.1. ಸುತ್ತುಗಳ ಲೆಕ್ಕ, ಅಗಲ ಎರಡೂ ಸರಿ ಇವೆ. ಬರೀ 0.4 ಮಿ.ಮೀ, ನಾಲ್ಕು ಹಾಳೆ ಪೇಪರಿನಷ್ಟು, ಅದೇನು ಮಹಾ ಅಂತ ನಿಮ್ಮವರು ಹೇಳಬಹುದು. ಕಾಯಿಲ್ ಸ್ಪ್ರಿಂಗ್‌ನಲ್ಲಿ ಲೆಕ್ಕ ಹಾಗೆ ನಡೆಯುವುದಿಲ್ಲ. ಸ್ಪ್ರಿಂಗ್‌ನ ಬಿಗಿ ತಂತಿಯ ದಪ್ಪದ ನಾಲ್ಕನೇ ಘಾತದ ಲೆಕ್ಕದಲ್ಲಿ ಏರಿಳಿಯುತ್ತೆ. 11.1ನ್ನು 11.5ರಿಂದ ಭಾಗಿಸಿ, ಬಂದದ್ದನ್ನು ನಾಲ್ಕು ಸಲ ಬರೆದು ಒಂದಕ್ಕೊಂದು ಗುಣಿಸಿ ನೋಡಿ, 0.87 ಬರುತ್ತೆ. ಅಂದರೆ ಎಡಗಡೆ ಸ್ಪ್ರಿಂಗ್ ಶೇ 13ರಷ್ಟು ಮೆತ್ತಗೆ. ಜುಲೈನಲ್ಲಿ ಕಂಡ ಆ ಒಂದು ಬೆರಳಿನ ತಗ್ಗಿಗೆ ನನಗೆ ಕಾಣುವ ಕಾರಣ ಇದೇ. ಅದೇ ಭಾರ ಹೊತ್ತಾಗ ಸಣ್ಣ ತಂತಿಯ ಮೇಲೆ ಬೀಳುವ ಒತ್ತಡವೂ ಸುಮಾರು ಶೇ 11 ಜಾಸ್ತಿ. ಮೆತ್ತಗಿನ ಸ್ಪ್ರಿಂಗ್ ಜಾಸ್ತಿ ಕುಣಿಯುತ್ತೆ, ಪದೇ ಪದೇ ಬಂಪ್ ಸ್ಟಾಪಿಗೆ ಹೊಡೆಯುತ್ತೆ, ಅದರ ಪಕ್ಕದ ಶಾಕ್ ಅಬ್ಸಾರ್ಬರ್‌ಗೂ ಬಿಡುವಿಲ್ಲ. ಹಾಳಾಗಿರುವುದೆಲ್ಲ ಎಡಗಡೆಯದ್ದೇ ಯಾಕೆ ಅಂತ ಯೋಚಿಸಿ. ರಸ್ತೆ ಕೆಟ್ಟದ್ದಾಗಿದ್ದರೆ ಬಲಗಡೆ ಚಕ್ರವೂ ಅದೇ ರಸ್ತೆಯಲ್ಲೇ ಓಡಿದೆ.

ಇನ್ನು ಓವರ್‌ಲೋಡ್. ಐದು ಸೀಟಿನ ಕಾರಿನಲ್ಲಿ ನಾಲ್ಕು ಜನ, ಅದರಲ್ಲಿ ಒಬ್ಬಳಿಗೆ ಒಂಬತ್ತು ವರ್ಷ. ಇದನ್ನು ಓವರ್‌ಲೋಡ್ ಅನ್ನುವುದಾದರೆ 'ಹೆವಿ ಡ್ಯೂಟಿ' ಅಂತ ಡಬ್ಬದ ಮೇಲೆ ಯಾಕೆ ಅಚ್ಚು ಹಾಕಿಸಿದ್ದೀರಿ?

ಕಾರಿಗೆ ಈಗ ಕಾರು ಕಂಪನಿಯದ್ದೇ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಹಾಕಿಸಿದ್ದೇನೆ. ಆ ಖರ್ಚನ್ನು ನಿಮ್ಮಿಂದ ಕೇಳುವುದಿಲ್ಲ. ಅದನ್ನು ಏಪ್ರಿಲ್‌ನಲ್ಲೇ ಮಾಡಬೇಕಿತ್ತು, ಮೆಕ್ಯಾನಿಕ್ ಮಾತು ಕೇಳದ್ದು ನಾನು. ಕೇಳುತ್ತಿರುವುದು ಕಿಟ್‌ನ 12,600, ಹಾಕಿಸಿದ ಕೂಲಿ 1,400, ಟೋಯಿಂಗ್ 5,000, ಹ್ಯಾಂಡ್ ಬ್ರೇಕ್ ಕೇಬಲ್‌ನ 1,150. ಒಟ್ಟು 20,150 ರೂಪಾಯಿ. ಬಿಲ್‌ಗಳ ಪ್ರತಿ ಇಟ್ಟಿದ್ದೇನೆ. ಬದಲಿಗೆ ಹೊಸ ಕಿಟ್ ಕಳಿಸುತ್ತೇವೆ ಅನ್ನಬೇಡಿ. ಬೇಡ.

ಹಣಕ್ಕಿಂತ ಮುಖ್ಯವಾಗಿ ಕೇಳುವುದು ಬ್ಯಾಚ್ ವಿಷಯ. ಒಂದೇ ಬ್ಯಾಚಿನಲ್ಲಿ ಎರಡು ದಪ್ಪದ ತಂತಿ ಬಂದಿದೆ ಅಂದರೆ ಆ ತಪ್ಪು ನನ್ನ ಕಾರಿನಲ್ಲಿ ಮಾತ್ರ ಆಗಿರಲಿಕ್ಕಿಲ್ಲ. ಅದೇ ಬ್ಯಾಚಿನ ಕಿಟ್ ಯಾರ್ಯಾರಿಗೆ ಹೋಗಿದೆ ಅಂತ ನಿಮ್ಮ ಬಿಲ್ಲಿಂಗ್‌ನಲ್ಲಿ ಇರುತ್ತೆ, ಫೋನ್ ನಂಬರ್ ಸಮೇತ. ಆಫರ್ ಮೆಸೇಜ್ ಕಳಿಸಲು ಆ ನಂಬರ್‌ಗಳು ನಿಮಗೆ ಸಿಗುತ್ತವೆ, ನನಗೇ ವಾರಕ್ಕೆ ಎರಡು ಬರುತ್ತವೆ. ಹಾಗೇ ಒಂದು ಎಚ್ಚರಿಕೆ ಮೆಸೇಜ್ ಕಳಿಸಿ. ಕಾರಿನ ಹಿಂದಿನ ಎರಡೂ ಕಡೆ ಎತ್ತರ ಒಂದೇ ಇದೆಯಾ ನೋಡಿಕೊಳ್ಳಿ ಅಂತ ಒಂದು ಸಾಲು ಸಾಕು.

ನಿಮ್ಮ ವಾರಂಟಿ ಕಾರ್ಡಿನ ಕೊನೆಯಲ್ಲಿ ವ್ಯಾಜ್ಯವೇನಿದ್ದರೂ ನಿಮ್ಮ ಊರಿನ ಕೋರ್ಟಿನಲ್ಲಿ ಮಾತ್ರ ಅಂತ ಸಣ್ಣ ಅಕ್ಷರದಲ್ಲಿ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಕಲಂ ಪ್ರಕಾರ ನಾನು ವಾಸ ಮಾಡುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಐದು ಲಕ್ಷದೊಳಗಿನ ಖರೀದಿಗೆ ಶುಲ್ಕವೂ ಇಲ್ಲ, ಎರಡು ವರ್ಷ ಸಮಯವೂ ಇದೆ. ಅದೇ ಕಾಯ್ದೆಯ 84ನೇ ಕಲಂ ತಯಾರಿಕೆಯಲ್ಲಿನ ದೋಷದ ಬಗ್ಗೆ ಏನು ಹೇಳುತ್ತೆ ಅನ್ನೋದನ್ನು ನಿಮ್ಮ ವಕೀಲರನ್ನು ಒಮ್ಮೆ ಕೇಳಿ. ಈ ಪತ್ರ ತಲುಪಿದ 15 ದಿನದೊಳಗೆ ಬರಹದಲ್ಲಿ ಉತ್ತರ ಬರಲಿ. ಬರದಿದ್ದರೆ ಮೊದಲು 1915 ಸಹಾಯವಾಣಿ, ಆಮೇಲೆ ಹಾಸನದ ಜಿಲ್ಲಾ ಗ್ರಾಹಕ ಆಯೋಗ.

ಎರಡೂ ಸ್ಪ್ರಿಂಗ್, ಎರಡೂ ಶಾಕ್ ಅಬ್ಸಾರ್ಬರ್, ಆ ಪುಡಿಯಾದ ರಬ್ಬರ್ ಎಲ್ಲವೂ ವರ್ಕ್‌ಶಾಪಿನ ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿದ್ದೇನೆ. ನಿಮ್ಮ ಇಂಜಿನಿಯರ್ ಯಾವ ದಿನ ಬೇಕಾದರೂ ಬಂದು ಅಳೆದು ನೋಡಬಹುದು, ಭಾನುವಾರ ಒಂದು ಬಿಟ್ಟು. ವರ್ನಿಯರ್ ಅವರದ್ದೇ ತರಲಿ. ಕೊರಿಯರ್‌ನಲ್ಲಿ ಮಾತ್ರ ಕಳಿಸುವುದಿಲ್ಲ.

ಇಂತಿ,
ನಿಮ್ಮ ಗ್ರಾಹಕ
(ಸಹಿ)

ಲಗತ್ತು: ಕಿಟ್, ಕೂಲಿ, ಟೋಯಿಂಗ್ ಮತ್ತು ಕೇಬಲ್ ಬಿಲ್‌ಗಳು, ವಾರಂಟಿ ಕಾರ್ಡ್, ಹನ್ನೊಂದು ಫೋಟೋ, ನವೆಂಬರ್ 10ರ ನಿಮ್ಮ ಇಮೇಲ್