ನುಸಿಗೊಂದು ಹೆಸರು ಸಿಕ್ಕಿತು, ಎಲ್ಲರಿಗೂ ಶರಣು

ಕಲಬುರಗಿ ಜಿಲ್ಲೆಯ ಚಂದ್ರಂಪಳ್ಳಿ ಜಲಾಶಯದ ದಂಡೆಯಲ್ಲಿ ನಮಗೆ ಸಿಕ್ಕ ಬೇಟೆಗಾರ ನುಸಿ ಹೊಸ ಪ್ರಭೇದವೇ. ಬೆಜ್ಜಿಯಾ ಕುಲದ್ದು. ಪ್ರಬಂಧ ಈ ವಾರ ಅಚ್ಚಾಯಿತು. ಹೆಸರು ನನ್ನದು ಮುಂದಿದ್ದರೂ ದುಡಿದವರು ಬಹಳ ಜನ.

ಮೊದಲು ಅಲ್ಲಿನ ಕುರಿಗಾಹಿ ಕಾಕಾ ಅವರಿಗೆ. "ನುಸಿ ಹಿಡ್ದು ಏನ್ ಮಾಡ್ತಿ ತಂಗಿ? ಇವು ಕಚ್ಚೇ ಕುರಿಗಿ ರೋಗ ಬರ್ತದ" ಅಂದಿದ್ದರು. ಮಾತು ನಿಜ. ನೀಲಿ ನಾಲಿಗೆ ರೋಗ ಹರಡುವುದು ಇದೇ ಕುಟುಂಬದ ಕ್ಯುಲಿಕಾಯ್ಡಿಸ್ ನುಸಿಗಳು. ನಾನು ಹುಡುಕುತ್ತಿದ್ದದ್ದು ಅವುಗಳ ದಾಯಾದಿಗಳನ್ನು. ಬೆಜ್ಜಿಯಾ ಹೆಣ್ಣಿಗೆ ಕುರಿಯ ರಕ್ತ ಬೇಡ, ನಮ್ಮದೂ ಬೇಡ. ಗುಂಪಾಗಿ ಹಾರುವ ಸಣ್ಣ ಹುಳಗಳನ್ನು ಹಿಡಿದು ಚುಚ್ಚಿ, ಎಂಜಲಿನಿಂದ ಒಳಗಿನದನ್ನು ಕರಗಿಸಿ ಹೀರುತ್ತದೆ. ಈ ಬೇಟೆಗಾರ ನುಸಿಗಳಲ್ಲಿ ಕೆಲವು ಕೂಡುವಾಗ ಗಂಡನ್ನೂ ಬಿಡುವುದಿಲ್ಲ! ಇದನ್ನು ಕೇಳಿದ ಮೇಲೆ ಕಾಕಾ ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದರು. ಸಂಜೆ ಹೊತ್ತು ನುಸಿ ಜಾಸ್ತಿ ಏಳುವ ಜಾಗಕ್ಕೆ ತಾವೇ ಕರೆದುಕೊಂಡು ಹೋದರು. ಇದು ಸಿಕ್ಕಿದ್ದು ಅಲ್ಲೇ.

ಅನುಮತಿ ಕೊಟ್ಟ ಅರಣ್ಯ ಇಲಾಖೆಗೆ, ಚಿಂಚೋಳಿ ಕಾಡಿನಲ್ಲಿ ಲೈಟ್ ಟ್ರ್ಯಾಪ್ (ಬೆಳಕಿಗೆ ಬರುವ ಹುಳ ಹಿಡಿಯುವ ಬಲೆ) ಪಕ್ಕ ನಮ್ಮ ಜೊತೆ ನಿದ್ದೆಗೆಟ್ಟ ವಾಚರ್ ಅಣ್ಣಂದಿರಿಗೆ ಶರಣು.

ಸ್ಲೈಡ್ ಮಾಡಿಕೊಟ್ಟ ಲ್ಯಾಬಿನ ಅಕ್ಕನಿಗೆ ಎಷ್ಟು ಹೇಳಿದರೂ ಕಡಿಮೆ. ಹುಳ ಇರುವುದೇ ಕೆಲವು ಮಿಲಿಮೀಟರ್. ಫೀನಾಲಿನಲ್ಲಿ ಮೈ ತಿಳಿಯಾಗಿಸಿ, ತಲೆ, ರೆಕ್ಕೆ, ಹೊಟ್ಟೆ ಬಿಡಿಸಿ, ಕೆನಡಾ ಬಾಲ್ಸಮ್ ಎಂಬ ಪಾರದರ್ಶಕ ಅಂಟಿನಲ್ಲಿ ಕೂರಿಸಬೇಕು. ಕಲಬುರಗಿಯ ಮೇ ತಿಂಗಳ ಬಿಸಿಲಿನಲ್ಲಿ ಅಕ್ಕ ಫ್ಯಾನ್ ಆಫ್ ಮಾಡಿ ಕೂತಿರುತ್ತಿದ್ದರು. ಗಾಳಿಗೆ ರೆಕ್ಕೆ ಹಾರಿದರೆ ಗುರುತು ಹಿಡಿಯುವುದು ಹೇಗೆ? ರೆಕ್ಕೆಯ ಮುಂದಿನ ಅಂಚಿನ ನರಗಳ ನಡುವೆ ಒಂದೇ ಕೋಶ (ನರಗಳು ಸುತ್ತುವರಿದ ಖಾನೆ) ಇದ್ದರೆ ಬೆಜ್ಜಿಯಾ, ಎರಡಿದ್ದರೆ ಅದರ ಹತ್ತಿರದ ಪಾಲ್ಪೊಮಿಯಾ ಕುಲ. ಆಮೇಲೆ ತೊಡೆಯ ಮುಳ್ಳು, ಹೆಣ್ಣಿನೊಳಗೆ ವೀರ್ಯ ಕೂಡಿಡುವ ಚೀಲ, ಗಂಡಿನ ಜನನಾಂಗ ಎಲ್ಲವನ್ನೂ ಹಳೆಯ ವಿವರಣೆಗಳ ಜೊತೆ ಹೋಲಿಸಬೇಕು.

ನಮ್ಮ ಗುರುಗಳು "ಬರೀ ಹೆಣ್ಣು ಸಾಲದು, ಗಂಡೂ ಸಿಗಲಿ" ಅಂತ ಪ್ರಬಂಧ ತಡೆದರು. ಇನ್ನೊಂದು ಮಳೆಗಾಲ ಕಾಯಬೇಕಾಯಿತು. ಆಗ ಬೇಜಾರಾಗಿತ್ತು. ಆದರೆ ಅವಸರದಲ್ಲಿ ಇಟ್ಟ ಹೆಸರು ನಾಳೆ ಹಳೆಯ ಪ್ರಭೇದದ್ದೇ ಅಂತ ಗೊತ್ತಾದರೆ, ಮುಂದೆ ಕೆಲಸ ಮಾಡುವವರಿಗೆ ಸುಮ್ನೆ ಗೋಜಲು ಅಲ್ವಾ? ಸರ್, ನೀವು ತಡೆದದ್ದೇ ಒಳ್ಳೆಯದಾಯಿತು.

ಅಪ್ಪ, ಅವ್ವ, "ಹುಳ ಹಿಡಿಯೋ ಓದು ಯಾಕೆ" ಅಂತ ಊರವರು ಕೇಳಿದಾಗೆಲ್ಲ ನನ್ನ ಪರ ನಿಂತಿರಿ. ತೊಗರಿ ಮಾರಿದ ದುಡ್ಡಿನಲ್ಲಿ ಫೀಸು ಕಟ್ಟಿದಿರಿ. ಈ ಪ್ರಬಂಧದ ಮೊದಲ ಪ್ರತಿ ನಿಮಗೇ.