ಒಂಬತ್ತು ಊರಿನ ಅನ್ನದ ಋಣ

ಮೊನ್ನೆ ಮಂಗಳವಾರ ಮಧ್ಯಾಹ್ನ ಲಾಯರ್ ಕಡೆಯಿಂದ ಮೇಲ್ ಬಂತು. ಹೊಸ ಕಂಪನಿಯವರು ನನ್ನ ಹೆಸರಿನಲ್ಲಿ ಹಾಕಿದ ಎಚ್‌-1ಬಿ (ಅಮೆರಿಕದ ಕೆಲಸದ ವೀಸಾ) ಅರ್ಜಿ ತಲುಪಿದೆ, ರಸೀದಿ ಜೊತೆಗಿದೆ ಅಂತ. ಕೆಲಸ ಹೋಗಿ ಅವತ್ತಿಗೆ 53 ದಿನ. ವೀಸಾ ನಿಯಮದ 60 ದಿನ ದಾಟಿದ್ದರೆ ಗಂಟುಮೂಟೆ ಕಟ್ಟಿ ಅರಸೀಕೆರೆಗೆ ಹೊರಡಬೇಕಿತ್ತು. ಫೋನನ್ನು ಹೆಂಡತಿಯ ಕೈಗೆ ಕೊಟ್ಟೆ. ಎರಡು ಸಲ ಓದಿದಳು. ಏನೂ ಮಾತಾಡಲಿಲ್ಲ. ಒಳಗೆ ಹೋಗಿ ಸ್ಟೋವ್ ಆರಿಸಿ ಬಂದು ಸೋಫಾದ ಮೇಲೆ ಕಾಲು ನೀಡಿ ಕೂತಳು. ಆ 53 ದಿನದಲ್ಲಿ ಅವಳು ಹಾಗೆ ಕೂತದ್ದನ್ನು ನಾನು ನೋಡಿರಲಿಲ್ಲ.

ಫೋನ್ ಮಾಡಿ ವಿಚಾರಿಸಿದವರು, ರೆಸ್ಯೂಮೆ ಕೇಳಿ ಇಸಕೊಂಡವರು, ಮಗಳನ್ನು ಸ್ಕೂಲಿನಿಂದ ಕರೆತಂದವರು, ಏನೂ ಕೇಳದೆ ಬಾಗಿಲ ಹತ್ತಿರ ಬಿಸಿಬೇಳೆಬಾತ್ ಡಬ್ಬ ಇಟ್ಟು ಹೋದವರು, ನಿಮಗೆಲ್ಲ ಈ ಬರಹ. ಆದರೆ ಶುರು ಮಾಡುವುದು ನಿಮ್ಮಿಂದಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಮೊದಲ ಥ್ಯಾಂಕ್ಸ್ ಒಬ್ಬ ದೊಡ್ಡ ಗಡ್ಡದ ಮನುಷ್ಯನಿಗೆ. ಅವನಿಗೆ ನಾನು ಯಾರು ಅಂತ ಗೊತ್ತಿಲ್ಲ. ಹೆಸರು ರಯಾನ್ ಫಿಟ್ಸ್‌ಪ್ಯಾಟ್ರಿಕ್. ಅಮೆರಿಕನ್ ಫುಟ್‌ಬಾಲ್ ಆಟಗಾರ. 17 ಸೀಸನ್, 9 ತಂಡ. ಐಪಿಎಲ್‌ನಲ್ಲಿ ಆರನ್ ಫಿಂಚ್ ನಮ್ಮ ಆರ್‌ಸಿಬಿಯೂ ಸೇರಿ 9 ತಂಡ ಸುತ್ತಿದನಲ್ಲ, ಹಾಗೆ ಅಂದುಕೊಳ್ಳಿ. ಫಿಂಚ್‌ಗೆ ಬೇರೆ ಕಡೆ ಆಸ್ಟ್ರೇಲಿಯಾ ತಂಡವಾದರೂ ಇತ್ತು. ಇವನಿಗೆ ಹೊಟ್ಟೆಪಾಡು ಇದೊಂದೇ.

ನಾನು ಬಫಲೋಗೆ ಬಂದಿಳಿದದ್ದು 2010ರ ಡಿಸೆಂಬರ್‌ನಲ್ಲಿ. ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ಒಂದು ವರ್ಷದ ಕಾಂಟ್ರ್ಯಾಕ್ಟ್. ಹಿಮ ಅಂದರೆ ಏನು ಅಂತ ಗೊತ್ತಿಲ್ಲದೆ ಬಾಟಾ ಚಪ್ಪಲಿ ಹಾಕಿಕೊಂಡು ಕಸ ಹಾಕಲು ಹೊರಗೆ ಹೋದವನು ನಾನು. ಪಕ್ಕದ ಮನೆಯ ತಾತ ನೋಡಿ, ಒಂದು ಮಾತೂ ಆಡದೆ, ತಮ್ಮ ಹಳೆಯ ಬೂಟು ತಂದು ಕೊಟ್ಟರು. ಎರಡು ಸೈಜ್ ದೊಡ್ಡದು. ಆಮೇಲೆ ಭಾನುವಾರ ಭಾನುವಾರ ಅವರ ಗ್ಯಾರೇಜಿಗೆ ಕರೆದು ಆಟ ಹೇಳಿಕೊಟ್ಟರು. ನಾಲ್ಕು ಅವಕಾಶದಲ್ಲಿ ಹತ್ತು ಯಾರ್ಡ್ ಮುಂದೆ ಹೋಗಬೇಕು, ಚೆಂಡನ್ನು ಯಾರಿಗೆ ಎಸೆಯಬೇಕು ಅಂತ ತೀರ್ಮಾನ ಮಾಡುವವನು ಕ್ವಾರ್ಟರ್‌ಬ್ಯಾಕ್, ಆ ಜಾಗ ತಂಡಕ್ಕೊಂದೇ, ಉಳಿದ ಕ್ವಾರ್ಟರ್‌ಬ್ಯಾಕ್‌ಗಳು ಟೋಪಿ ಹಾಕಿಕೊಂಡು ಪಕ್ಕದಲ್ಲಿ ನಿಂತು ಕಾಯಬೇಕು. ಬಫಲೋ ಬಿಲ್ಸ್ ತಂಡಕ್ಕೆ ಆಗ ಫಿಟ್ಸ್ ಕ್ವಾರ್ಟರ್‌ಬ್ಯಾಕ್. 'ಇವನು ಹಾರ್ವರ್ಡ್‌ನಲ್ಲಿ ಎಕನಾಮಿಕ್ಸ್ ಓದಿದವನು, ಆದರೂ ಇಲ್ಲಿ ಬಂದು ಸಿಕ್ಕಿಕೊಂಡಿದ್ದಾನೆ' ಅಂತ ತಾತ ನಗುತ್ತಿದ್ದರು.

ಅವನು ಬಂದದ್ದೂ ಹಿಂದಿನ ಬಾಗಿಲಿಂದಲೇ. 2005ರಲ್ಲಿ ಕಾಲೇಜು ಹುಡುಗರನ್ನು ಆರಿಸುವಾಗ ಇವನ ಸರದಿ ಬಂದದ್ದು ಏಳನೇ ಸುತ್ತಿನಲ್ಲಿ, 250ನೇಯವನಾಗಿ. ಅದೇ ಕೊನೆಯ ಸುತ್ತು. ತೆಗೆದುಕೊಂಡದ್ದು ಸೇಂಟ್ ಲೂಯಿಸ್ ರ‍್ಯಾಮ್ಸ್. ಅಲ್ಲಿ ಅವನು ಮೂರನೇ ಆಯ್ಕೆ. ನವೆಂಬರ್‌ನಲ್ಲಿ ಮೊದಲನೆಯವನಿಗೂ ಪೆಟ್ಟಾಗಿ, ಎರಡನೆಯವನಿಗೂ ಪೆಟ್ಟಾಗಿ, ಬೇರೆ ಯಾರೂ ಇಲ್ಲ ಅಂತ ಇವನನ್ನು ಇಳಿಸಿದರು. ಅರ್ಧ ಆಟಕ್ಕೆ ತಂಡ 24-3ರಿಂದ ಹಿಂದಿತ್ತು. ಕೊನೆಗೆ ಓವರ್‌ಟೈಮ್‌ನಲ್ಲಿ 33-27ಕ್ಕೆ ಗೆದ್ದರು. ಮೊದಲ ದಿನವೇ ಎಸೆತದಲ್ಲಿ 310 ಯಾರ್ಡ್, 3 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಪಾಯಿಂಟ್ ಗಳಿಸುವುದು). ಸಿನಿಮಾ ಆಗಿದ್ದರೆ ಅಲ್ಲಿಂದ ಹೀರೋ ಆಗಬೇಕಿತ್ತು ಅಲ್ವಾ? ಇವನು ಎರಡು ವರ್ಷದಲ್ಲಿ ಸಿನ್ಸಿನಾಟಿಗೆ ಹೋದ, ಅಲ್ಲೂ ಇನ್ನೊಬ್ಬನ ಹಿಂದೆ ನಿಂತ. ಆಮೇಲೆ ಬಫಲೋ.

2011ರ ಸೆಪ್ಟೆಂಬರ್ 25 ನಾನು ಮರೆಯಲ್ಲ. ಎದುರಿಗೆ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್. ಅವರ ಮೇಲೆ ಬಿಲ್ಸ್ ಸತತ 15 ಆಟ ಸೋತಿತ್ತು. ಅವತ್ತೂ 21-0 ಆಯಿತು. ಗ್ಯಾರೇಜಿನಲ್ಲಿ ತಾತ ಎದ್ದು ಹೋಗಿ ಹುಲ್ಲು ಕತ್ತರಿಸುವ ಮೆಷಿನ್ ಸ್ವಚ್ಛ ಮಾಡುತ್ತಾ ಕೂತರು. ನಾನೊಬ್ಬನೇ ಟೀವಿ ಮುಂದೆ, ನಿಯಮ ಅರ್ಧ ಗೊತ್ತು ಅರ್ಧ ಗೊತ್ತಿಲ್ಲ, 'ತಾತಾ, ಬನ್ನಿ, ಬನ್ನಿ' ಅಂತ ಕನ್ನಡದಲ್ಲೇ ಕೂಗಿದೆ. ಕೊನೆಯ ಕ್ಷಣದ ಫೀಲ್ಡ್ ಗೋಲ್ (ಚೆಂಡನ್ನು ಕಂಬಗಳ ಮಧ್ಯೆ ಒದ್ದು ಪಾಯಿಂಟ್ ಗಳಿಸುವುದು), 34-31. ತಾತ ಗ್ರೀಸ್ ಕೈಯಲ್ಲೇ ನನ್ನನ್ನು ಅಪ್ಪಿಕೊಂಡರು. ಆ ಜಾಕೆಟ್ ಮೇಲಿನ ಕಲೆ ಇವತ್ತಿಗೂ ಹೋಗಿಲ್ಲ.

ಮುಂದಿನ ತಿಂಗಳೇ ಫಿಟ್ಸ್‌ಗೆ ಆರು ವರ್ಷಕ್ಕೆ 5.9 ಕೋಟಿ ಡಾಲರ್ ಒಪ್ಪಂದ ಆಯಿತು. ನಾನು ಆಫೀಸಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದ್ದೇ ಹೇಳಿದ್ದು, ನನಗೇ ಸಂಬಳ ಜಾಸ್ತಿ ಆದ ಹಾಗೆ. ತಾತ ಮಾತ್ರ ತಲೆ ಅಲ್ಲಾಡಿಸಿದರು. ಈ ಆಟದಲ್ಲಿ ಪೇಪರಿನಲ್ಲಿ ಬರುವ ದೊಡ್ಡ ಮೊತ್ತ ಬೇರೆ, ಗ್ಯಾರಂಟಿ ಅಂತ ಬರೆದಿರುವ ದುಡ್ಡು ಬೇರೆ. ಗ್ಯಾರಂಟಿ ಇದ್ದದ್ದು 2.4 ಕೋಟಿ. ಉಳಿದದ್ದು ತಂಡಕ್ಕೆ ಬೇಕೆನಿಸಿದರೆ ಮಾತ್ರ. 5 ಗೆಲುವು 2 ಸೋಲಿನಲ್ಲಿದ್ದ ತಂಡ ಆ ವರ್ಷ 6 ಗೆಲುವು 10 ಸೋಲಿಗೆ ಮುಗಿಸಿತು. 2013ರ ಮಾರ್ಚ್‌ನಲ್ಲಿ ಅವನನ್ನು ಬಿಟ್ಟರು. ಅದೇ ವಸಂತದಲ್ಲಿ ನನ್ನ ಪ್ರಾಜೆಕ್ಟೂ ಮುಗಿಯಿತು. ಇಬ್ಬರಿಗೂ ಒಟ್ಟಿಗೇ ಬಫಲೋದ ನೀರಿನ ಋಣ ತೀರಿತು.

ಅಲ್ಲಿಂದ ನಾನು ಕೊಲಂಬಸ್, ಪ್ಲೇನೋ, ಷಾರ್ಲಟ್. ಅವನು ಟೆನೆಸಿ, ಹ್ಯೂಸ್ಟನ್, ನ್ಯೂಯಾರ್ಕ್ ಜೆಟ್ಸ್, ಟ್ಯಾಂಪಾ, ಮಯಾಮಿ, ವಾಷಿಂಗ್ಟನ್. ಊರು ಬದಲಾದಾಗಲೆಲ್ಲ ನಾನು ಅವನೆಲ್ಲಿದ್ದಾನೆ ಅಂತ ನೋಡುತ್ತಿದ್ದೆ. ಹಳ್ಳಿಯಿಂದ ಜೊತೆಗೆ ಬಸ್ ಹತ್ತಿದವನನ್ನು ವಿಚಾರಿಸುತ್ತೇವಲ್ಲ, ಹಾಗೆ.

ಮೈಮೇಲೆ ಬಂದ ಹಾಗೆ ಆಡುವ ದಿನ ಅವನನ್ನು ಹಿಡಿಯುವವರಿಲ್ಲ. 2014ರ ನವೆಂಬರ್ 30, ಹ್ಯೂಸ್ಟನ್‌ಗೆ ಆಡುತ್ತಾ, ಹಿಂದಿನ ವರ್ಷ ತಾನೇ ಇದ್ದ ಟೆನೆಸಿ ವಿರುದ್ಧ 6 ಟಚ್‌ಡೌನ್ ಎಸೆದ. ಆಟ ಮುಗಿದ ಮೇಲೆ ಪತ್ರಕರ್ತರ ಮುಂದೆ ಪುಟ್ಟ ಮಗನನ್ನು ಕರೆತಂದು 93 ಗುಣಿಸು 97 ಎಷ್ಟು ಅಂತ ಕೇಳಿದ. ಹುಡುಗ ಕಾಗದ ಪೆನ್ನು ಇಲ್ಲದೆ 9021 ಅಂದ. ಜೀವಮಾನದ ದೊಡ್ಡ ದಿನ, ಎಲ್ಲ ಕ್ಯಾಮೆರಾ ಇವನ ಮೇಲೆ, ಇವನಿಗೆ ಮಗನ ಲೆಕ್ಕ ತೋರಿಸುವ ಆಸೆ. ಎರಡೇ ವಾರಕ್ಕೆ ಕಾಲಿನ ಮೂಳೆ ಮುರಿಯಿತು.

2015ರಲ್ಲಿ ಜೆಟ್ಸ್‌ಗೆ 31 ಟಚ್‌ಡೌನ್ ಹೊಡೆದ, ಆ ತಂಡದ ದಾಖಲೆ. ಕೊನೆಯ ಆಟ ಗೆದ್ದಿದ್ದರೆ ಪ್ಲೇಆಫ್. ಎಲ್ಲಿ ಆಟ? ಬಫಲೋದಲ್ಲಿ! ಕೊನೆಯ ಕ್ವಾರ್ಟರ್‌ನಲ್ಲಿ ಮೂರು ಸಲ ಚೆಂಡನ್ನು ಎದುರಾಳಿ ಕೈಗೆ ಕೊಟ್ಟು ಸೋತ. ಮುಂದಿನ ವರ್ಷ ಕ್ಯಾನ್ಸಸ್ ಸಿಟಿಯಲ್ಲಿ ಒಂದೇ ಆಟದಲ್ಲಿ ಆರು ಇಂಟರ್‌ಸೆಪ್ಷನ್, ಅಂದರೆ ಎಸೆದ ಚೆಂಡು ಎದುರಾಳಿ ಕೈಗೆ. ಆರು! ಈ ಸಲ ನನ್ನದೂ ಸಾಲಾಗಿ ಆರು ಇಂಟರ್‌ವ್ಯೂ ಕೈಕೊಟ್ಟವು. ನಾಲ್ಕನೆಯದರಲ್ಲಿ, ದಿನಾ ಮಾಡುವ ಕೆಲಸದ ಬಗ್ಗೆಯೇ ಕೇಳಿದಾಗ ಬಾಯಿ ಕಟ್ಟಿಹೋಗಿ, ನೆಟ್‌ವರ್ಕ್ ಸರಿ ಇಲ್ಲ ಅಂತ ಸುಳ್ಳು ಹೇಳಿ ಲ್ಯಾಪ್‌ಟಾಪ್ ಮುಚ್ಚಿದೆ. ಆ ರಾತ್ರಿ ಕೂತು ಆ ಆರು ಇಂಟರ್‌ಸೆಪ್ಷನ್‌ಗಳ ವಿಡಿಯೋ ಹುಡುಕಿ ನೋಡಿದೆ. ಹುಚ್ಚು ಅನ್ನಿ. ನನಗೆ ಅವನ ಗೆಲುವಿಗಿಂತ ಅದೇ ಜಾಸ್ತಿ ಸಮಾಧಾನ ಕೊಟ್ಟಿತು. ಯಾಕೆಂದರೆ ಎರಡು ವರ್ಷದ ನಂತರ ಟ್ಯಾಂಪಾದಲ್ಲಿ ಇದೇ ಮನುಷ್ಯ ಸತತ ಮೂರು ಆಟದಲ್ಲಿ 400 ಯಾರ್ಡ್ ದಾಟಿಸಿದ. ಅವನಿಗೂ ಮೊದಲು ಈ ಆಟದ ದೊಡ್ಡ ಲೀಗ್ ಎನ್‌ಎಫ್‌ಎಲ್‌ನಲ್ಲಿ ಯಾರೂ ಅದನ್ನು ಮಾಡಿರಲಿಲ್ಲ. ಎರಡನೇ ಆಟ ಗೆದ್ದ ಮೇಲೆ ಜೊತೆ ಆಟಗಾರನ ಬಟ್ಟೆ, ಚಿನ್ನದ ಸರ, ಕಪ್ಪು ಕನ್ನಡಕ ಹಾಕಿಕೊಂಡು, ಎದೆಗೂದಲು ಕಾಣುವ ಹಾಗೆ ಜಿಪ್ ತೆಗೆದು ಪತ್ರಕರ್ತರ ಮುಂದೆ ಬಂದು ಕೂತ. ಆಗ ಅವನಿಗೆ 35. ಏಳು ಮಕ್ಕಳ ಅಪ್ಪ.

ಮಯಾಮಿಯದ್ದು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, 53 ದಿನವೂ ನನ್ನ ತಲೆಯಲ್ಲಿದ್ದದ್ದು ಅದೇ. 2020ರಲ್ಲಿ ತಂಡ ಚೆನ್ನಾಗಿಯೇ ಆಡುತ್ತಿತ್ತು, ಎರಡು ಆಟ ಸಾಲಾಗಿ ಗೆದ್ದಿದ್ದರು. ಅಕ್ಟೋಬರ್‌ನಲ್ಲಿ ಇದ್ದಕ್ಕಿದ್ದಂತೆ, ಇನ್ನು ಮೇಲೆ ಹೊಸ ಹುಡುಗ ಟುವಾ ಟಾಗೊವೈಲೊವಾ ಆಡುತ್ತಾನೆ, ನೀನು ಕೂತುಕೋ ಅಂದರು. ಫಿಟ್ಸ್ ಮುಚ್ಚಿಡಲಿಲ್ಲ. ತುಂಬಾ ನೋವಾಯಿತು ಅಂತ ಎಲ್ಲರ ಮುಂದೆ ಹೇಳಿದ. ಆದರೆ ಮರುದಿನದಿಂದ ಆ ಹುಡುಗನ ಪಕ್ಕದಲ್ಲೇ ನಿಂತು ಹೇಳಿಕೊಡುತ್ತಿದ್ದ. ನನ್ನನ್ನು ತೆಗೆದ ಜಾಗದಲ್ಲಿ (ಹೆಸರು ಬೇಡ, ಅಲ್ಲಿ ಇನ್ನೂ ಸ್ನೇಹಿತರಿದ್ದಾರೆ) ನನ್ನ ಕೆಲಸವನ್ನು ಹೊಸಬನಿಗೆ ಒಪ್ಪಿಸಲು ಎರಡು ವಾರ ಕೊಟ್ಟಿದ್ದರು. ನನಗೆ ಫಿಟ್ಸ್‌ನಷ್ಟು ದೊಡ್ಡ ಮನಸ್ಸಿಲ್ಲ. ಮೊದಲ ಮೂರು ದಿನ ಅವನು ಕೇಳಿದ್ದಕ್ಕೆಲ್ಲ ಒಂದೊಂದೇ ಪದದಲ್ಲಿ ಉತ್ತರ ಕೊಟ್ಟೆ. ನಾಲ್ಕನೇ ದಿನ ನಾಚಿಕೆಯಾಗಿ ಎಲ್ಲ ಫೈಲ್ ತೆರೆದು ಕೂರಿಸಿಕೊಂಡು ಹೇಳಿದೆ. ಈಗ ಸಿಕ್ಕಿದ ಕೆಲಸಕ್ಕೆ ನನ್ನ ಹೆಸರು ಹೇಳಿದ್ದು ಅದೇ ಹುಡುಗ. ಅವನ ಹಳೆಯ ಮ್ಯಾನೇಜರ್ ಅಲ್ಲಿದ್ದರು. ತಮ್ಮಾ, ಮೊದಲ ಮೂರು ದಿನಕ್ಕೆ ಸಾರಿ, ಉಳಿದದ್ದಕ್ಕೆ ಥ್ಯಾಂಕ್ಸ್.

ಆ ವರ್ಷ ಡಿಸೆಂಬರ್ 26, ರೇಡರ್ಸ್ ವಿರುದ್ಧ. ಹುಡುಗನ ಆಟ ಕುಂಟುತ್ತಿತ್ತು ಅಂತ ಕೊನೆಯ ಕ್ವಾರ್ಟರ್‌ನಲ್ಲಿ ಫಿಟ್ಸ್‌ನನ್ನು ಕರೆದರು. ಉಳಿದಿದ್ದು 19 ಸೆಕೆಂಡು, 25-23ರಿಂದ ಹಿಂದೆ. ಚೆಂಡು ಹಿಡಿದು ನಿಂತಿದ್ದಾನೆ, ಒಬ್ಬ ಬಂದು ಹೆಲ್ಮೆಟ್‌ನ ಮುಂದಿನ ಸರಳಿಗೆ ಕೈಹಾಕಿ ಎಳೆದ. ಕತ್ತು ಪೂರಾ ಪಕ್ಕಕ್ಕೆ ತಿರುಗಿದೆ, ಎಸೆಯುವ ಕಡೆ ಕಣ್ಣೇ ಇಲ್ಲ. ಆದರೂ ಕೈ ಮಾತ್ರ ತನ್ನ ಪಾಡಿಗೆ ತಾನು ಎಸೆಯಿತು. 34 ಯಾರ್ಡ್ ದೂರದಲ್ಲಿ ಮ್ಯಾಕ್ ಹಾಲಿನ್ಸ್ ಕೈಗೆ. ಎಳೆದ ತಪ್ಪಿಗೆ ಇನ್ನೂ 15 ಯಾರ್ಡ್ ಸಿಕ್ಕಿತು. ಫೀಲ್ಡ್ ಗೋಲ್, 26-25. ಅದನ್ನು ಸ್ಲೋ ಮೋಷನ್‌ನಲ್ಲಿ ಮಗಳಿಗೆ ತೋರಿಸಿದರೆ 'ಅಪ್ಪಾ, ಅವ್ರಿಗೆ ಕತ್ತು ನೋವಾಗಲ್ವಾ?' ಅಂದಳು. ಅದೇ ಆಟದಲ್ಲಿ ಅವನು ಒಂಬತ್ತನೇ ಸಲ ಬ್ಯಾಗ್ ಕಟ್ಟುವುದು ಖಾಯಂ ಆಯಿತೇನೋ ಅಂತ ನನಗೆ ಅನಿಸಿತ್ತು. ಗೆಲ್ಲಿಸಿಕೊಟ್ಟ ಮೇಲೂ ಮುಂದಿನ ಆಟ ಹುಡುಗನಿಗೇ ಅಂತ ಕೋಚ್ ಹೇಳಿಬಿಟ್ಟರು.

ಒಂಬತ್ತನೇ ತಂಡ ವಾಷಿಂಗ್ಟನ್. 2021ರ ಮೊದಲ ಆಟದ ಎರಡನೇ ಕ್ವಾರ್ಟರ್‌ನಲ್ಲೇ ಸೊಂಟದ ಕೀಲಿಗೆ ಪೆಟ್ಟು. ಅಷ್ಟೇ, ಮುಗಿಯಿತು. 2022ರ ಜೂನ್‌ನಲ್ಲಿ ನಿವೃತ್ತಿ. 223 ಟಚ್‌ಡೌನ್, 169 ಇಂಟರ್‌ಸೆಪ್ಷನ್, ಮೊದಲ ಕ್ವಾರ್ಟರ್‌ಬ್ಯಾಕ್ ಆಗಿ ಇಳಿದ ಆಟಗಳಲ್ಲಿ 59 ಗೆಲುವು, 87 ಸೋಲು, ಒಂದು ಟೈ. ಒಂದೇ ಒಂದು ಪ್ಲೇಆಫ್ ಆಡಲಿಲ್ಲ. ಲೆಕ್ಕ ನೋಡಿದರೆ ದೊಡ್ಡವರ ಸಾಲಿಗೆ ಬರುವುದಿಲ್ಲ, ನಾನೂ ಬರುತ್ತಾನೆ ಅಂತ ವಾದ ಮಾಡುವುದಿಲ್ಲ. ಆದರೆ ನಿವೃತ್ತಿಯ ದಿನ ಹಳೆಯ ಜೊತೆಗಾರರಿಗೆ ಒಂದು ಮೆಸೇಜ್ ಕಳಿಸಿದ. ಅದರಲ್ಲಿ 17 ವರ್ಷ ಜೊತೆಗೆ ಆಡಿದವರ ಹೆಸರು, ನೂರಾರು ಹೆಸರು, ಸಣ್ಣ ಅಕ್ಷರದಲ್ಲಿ. ಕೆಳಗೆ ಋಣಿ ಅನ್ನುವ ಅರ್ಥದ ಒಂದು ಸಾಲು. ಈ ಬರಹ ಬರೆಯಬೇಕು ಅಂತ ಅನಿಸಿದ್ದೇ ಅದನ್ನು ನೆನೆದು.

ನನ್ನ ಪಟ್ಟಿಯಲ್ಲಿ ಹೆಸರು ಹಾಕುವುದಿಲ್ಲ, ಬೇಡ ಅಂದಿದ್ದೀರಿ. ಬಫಲೋದ ತಾತ, ಈಗಿಲ್ಲ. ಕೊಲಂಬಸ್‌ನಲ್ಲಿ ಹೆಂಡತಿಯ ಬಾಣಂತನ ನೋಡಿಕೊಂಡ ಆಂಟಿ, ಅಮ್ಮನಿಗೆ ವೀಸಾ ಸಿಗದೆ ಹೋದಾಗ ನಲವತ್ತು ದಿನ ದಿನಾ ಬಂದು ಎಣ್ಣೆ ಹಚ್ಚಿ ಮಗುವಿಗೆ ನೀರೆರೆದವರು. ಪ್ಲೇನೋದಲ್ಲಿ ಡ್ರೈವಿಂಗ್ ಕಲಿಸಿದ ತೆಲುಗು ಅಣ್ಣ. ಷಾರ್ಲಟ್‌ನಲ್ಲಿ ಈ ಎರಡು ತಿಂಗಳು ಬಾಡಿಗೆ ಕೇಳದೆ ಸುಮ್ಮನಿದ್ದ ಮನೆ ಓನರ್. 'ಇನ್ನೂ ಎಷ್ಟು ಊರು ತಿರುಗ್ತೀಯೋ ಮಗನೇ' ಅಂತ ಬೈದು, ಮರುದಿನವೇ ಜೇನುಕಲ್ ಸಿದ್ಧೇಶ್ವರನ ಬೆಟ್ಟ ಹತ್ತಿ ಹರಕೆ ಹೊತ್ತು ಬಂದ ಅಮ್ಮ, ಮಂಡಿ ನೋವಿದೆ ಅಂತ ಹತ್ತು ಸಲ ಹೇಳಿದ್ದರೂ. ಮತ್ತೆ ಹೆಂಡತಿ. ಊರು ಬದಲಾದಾಗಲೆಲ್ಲ ನಾನು ಆಫೀಸಿಗೆ ಹೋಗಿ ಕೂತೆ, ಅಡಿಗೆಮನೆ ಕಟ್ಟಿದವಳು, ಬಿಚ್ಚಿದವಳು ಅವಳು. ನಮ್ಮ ವೆಟ್ ಗ್ರೈಂಡರ್‌ನ ಕಲ್ಲು ಮದುವೆಯ ರಜಾಯಿಯಲ್ಲಿ ಸುತ್ತಿಕೊಂಡು ನಾಲ್ಕು ರಾಜ್ಯ ನೋಡಿದೆ. ಅದರ ಡಬ್ಬದ ಮೇಲೆ ಅವಳು ಮಾರ್ಕರಿನಲ್ಲಿ ಬರೆದ ಊರುಗಳು ಒಂದರ ಕೆಳಗೊಂದು, ಹಳೆಯದಕ್ಕೆ ಅಡ್ಡ ಗೀಟು.

ಹೊಸ ಕೆಲಸ ರೋಚೆಸ್ಟರ್‌ನಲ್ಲಿ. ಬಫಲೋದಿಂದ ಕಾರಿನಲ್ಲಿ ಒಂದೂಕಾಲು ಗಂಟೆ. ಅಲ್ಲಿಗೆ ಆಟ ನೋಡಲು ಹೋಗುತ್ತೇನೆ. ಫಿಟ್ಸ್ ಕೂಡ ಹೋಗಿದ್ದ, 2022ರ ಜನವರಿಯಲ್ಲಿ ಬಿಲ್ಸ್ ಪ್ಲೇಆಫ್ ಆಡುವಾಗ, ಮೈ ಕೊರೆಯುವ ಚಳಿಯಲ್ಲಿ ಅಂಗಿ ಬಿಚ್ಚಿ ಜನರ ಮಧ್ಯೆ ನಿಂತು ಕೂಗುತ್ತಿದ್ದ. ನಾನು ಅಂಗಿ ಬಿಚ್ಚುವುದಿಲ್ಲ, ಅಷ್ಟು ಅಭಿಮಾನ ಇಲ್ಲ.

ನಿನ್ನೆ ಗ್ರೈಂಡರ್ ಡಬ್ಬ ಕೆಳಗಿಳಿಸಿದೆವು. ಈ ಸಲ ಊರಿನ ಹೆಸರು ತಾನೇ ಬರೆಯುತ್ತೇನೆ ಅಂತ ಮಗಳು ಹಟ ಮಾಡಿದಳು. ಸ್ಪೆಲ್ಲಿಂಗ್ ತಪ್ಪಾಗಿದೆ, ಇರಲಿ ಅಂತ ಬಿಟ್ಟೆವು. ಅವಳಿಗೆ ಹಿಮದ ಬೂಟು ಬೇಕು, ಸೈಜ್ 3. ರೋಚೆಸ್ಟರ್ ಕಡೆ ಯಾರ ಹತ್ತಿರವಾದರೂ ಹಳೆಯದಿದ್ದರೆ ತಿಳಿಸಿ. ಎರಡು ಸೈಜ್ ದೊಡ್ಡದಿದ್ದರೂ ಪರವಾಗಿಲ್ಲ.