ಗೀಚಿ ಹಾಕಿದ ಸಾಲು

ಸಾಗರ

ಪ್ರೀತಿಯ ಪುಟ್ಟಿ,

ನಿನ್ನ ಪತ್ರ ಮೊನ್ನೆ ಬಂತು. ಹೊಸ ಮನೆ, ಆಫೀಸು, ಅದೆಲ್ಲ ನಿನ್ನಪ್ಪ ಫೋನಿನಲ್ಲಿ ಹೇಳಿದ್ದ, ಬಿಡು. ಕೊನೆಯಲ್ಲಿ ಒಂದು ಸಾಲು ಬರೆದು ಗೀಚಿ ಹಾಕಿದ್ದೀಯಲ್ಲ, ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದೆ. 'ರಿಪೋರ್ಟ್ ನಾರ್ಮಲ್ ಅತ್ತೆ, ನಾನೇ ನಾಟಕ ಮಾಡ್ತಿದೀನಾ ಅನ್ಸುತ್ತೆ.' ಆಮೇಲೆ ಎರಡು ರಾತ್ರಿ ನನಗೆ ಸರಿಯಾಗಿ ನಿದ್ದೆ ಇಲ್ಲ.

ನೀನು ನಾಟಕ ಮಾಡುತ್ತಿಲ್ಲ. ಇದನ್ನು ಮೊದಲು ಬರೆದುಬಿಡುತ್ತೇನೆ, ಆಮೇಲೆ ನಾನು ಎಲ್ಲೆಲ್ಲಿಗೋ ಹೋಗುತ್ತೇನೆ, ನಿನಗೆ ಗೊತ್ತಲ್ಲ.

ಥೈರಾಯ್ಡ್ ಮಾತ್ರೆ ನುಂಗುತ್ತಿದ್ದೀಯ, ರಕ್ತ ಪರೀಕ್ಷೆಯಲ್ಲಿ ಟಿಎಸ್ಎಚ್ 2.8 ಅಂತ ಬರೆದಿದ್ದೀಯ. ಅದು ಮೆದುಳಿನ ಬುಡದ ಪುಟ್ಟ ಗ್ರಂಥಿಯೊಂದು ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿಗೆ ಕಳಿಸುವ ಚೀಟಿ. 'ಇನ್ನೂ ಸ್ವಲ್ಪ ಕೆಲಸ ಮಾಡು' ಅಂತ. ಚೀಟಿಯಲ್ಲಿ ಬೈಗುಳ ಇಲ್ಲದಿದ್ದರೆ ಕೆಲಸ ನಡೀತಿದೆ ಅಂತ ಲೆಕ್ಕ. ಆದರೆ ನಿನ್ನ ಮಂಡಿ ನೋವು, ಬೆಳಗ್ಗೆ ಏಳಲಾಗದ ಸುಸ್ತು ಆ ಚೀಟಿಯಲ್ಲಿ ಎಲ್ಲಿ ಬರುತ್ತದೆ? ಟಿಎಸ್ಎಚ್ ಸುಮಾರು 0.4ರಿಂದ 4ರವರೆಗೆ ಇದ್ದರೆ ಸರಿ ಅನ್ನುತ್ತಾರೆ. ಅದು ಊರಿಗೆಲ್ಲ ಒಂದೇ ಅಳತೆಯಲ್ಲಿ ಹೊಲಿದ ರವಿಕೆ. ಮಾತ್ರೆ ತೆಗೆದುಕೊಂಡು, ಲೆಕ್ಕ ಸರಿಯಾದ ಮೇಲೂ ಸುಸ್ತು ಬಿಡದವರು ಇದ್ದಾರೆ. ಡಾಕ್ಟರುಗಳೇ ಒಪ್ಪುವ ಮಾತು ಇದು.

ಆ 'ನಾಟಕ' ಅನ್ನುವ ಮಾತು ನಮ್ಮ ಮನೆಯಲ್ಲಿ ಮೊದಲು ಆಡಿದ್ದು ಯಾರು ಗೊತ್ತಾ? ನಾನು. ನೀನಾಗ ಆರು ತಿಂಗಳ ಕೂಸು. ಬೇಸಿಗೆ ರಜೆಗೆ ನಾನು ತವರಿಗೆ ಬಂದಿದ್ದೆ. ಹೊರಗೆ ಏಪ್ರಿಲ್ ಬಿಸಿಲು, ನಿನ್ನಮ್ಮ ಬಚ್ಚಲೊಲೆಯ ಮುಂದೆ ಕೂತು ಚಳಿ ಅನ್ನುತ್ತಿದ್ದಳು. ಬಾಚಣಿಗೆ ತುಂಬ ಕೂದಲು. ಮಧ್ಯಾಹ್ನ ಮಲಗಿದರೆ ದೀಪ ಹಚ್ಚುವ ಹೊತ್ತಿಗೂ ಏಳುತ್ತಿರಲಿಲ್ಲ. ನಾನು ಅಡುಗೆಮನೆಯಿಂದ, ಅವಳಿಗೆ ಕೇಳಲಿ ಅಂತಲೇ, 'ಎಲ್ಲ ಸುಮ್ನೆ ನಾಟಕ' ಅಂದೆ. ಅವಳು ಎದ್ದು ಬಂದು ಅಕ್ಕಿ ಆರಿಸಲು ಕೂತಳು. ಒಂದು ಮಾತೂ ಆಡಲಿಲ್ಲ.

ಹೆರಿಗೆಯಾದ ವರ್ಷದೊಳಗೆ ಕೆಲವರಿಗೆ ಥೈರಾಯ್ಡ್ ಏರುಪೇರಾಗುತ್ತದೆ, ಎಷ್ಟೋ ಜನಕ್ಕೆ ತಾನಾಗೇ ಸರಿಹೋಗುತ್ತದೆ ಅಂತ ನನಗೆ ತಿಳಿದದ್ದು ಹತ್ತು ವರ್ಷದ ಮೇಲೆ, ಡಾಕ್ಟರ ಕೋಣೆಯ ಹೊರಗೆ ನನ್ನ ಸರದಿಗೆ ಕಾಯುತ್ತಾ. ಅವಳಿಗಿದ್ದದ್ದು ಅದೇನಾ? ಯಾರು ಹೇಳಬೇಕು. ರಕ್ತ ಪರೀಕ್ಷೆ ಮಾಡಿಸುವ ಯೋಚನೆಯೇ ನಮಗ್ಯಾರಿಗೂ ಬರಲಿಲ್ಲ.

ಆಮೇಲೆ ನನ್ನ ಪಾಳಿ. ಕ್ಲಾಸಿನಲ್ಲಿ ನಾಲ್ಕನೇ ಪೀರಿಯಡ್ಡಿಗೆ ದನಿ ಕಟ್ಟುತ್ತಿತ್ತು. ಮಾತ್ರೆ ಶುರುವಾಯಿತು, ರಿಪೋರ್ಟ್ ಸರಿಹೋಯಿತು, ನಾನು ಮಾತ್ರ ಸರಿಹೋಗಲಿಲ್ಲ. 'ಎಲ್ಲ ನಾರ್ಮಲ್ ಇದೆ, ಮನಸ್ಸು ಗಟ್ಟಿ ಮಾಡ್ಕೊಳ್ಳಿ' ಅಂದರು ಒಬ್ಬರು. ಆರು ವರ್ಷ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಹೇಳಿದರೆ ನಾಟಕ ಅಂತಾರೆ ಅಂತ. ಹಾಗೆ ಅನ್ನುವವಳು ನಾನೇ ಆಗಿದ್ದೆನಲ್ಲ, ಅದಕ್ಕೇ ಅಷ್ಟು ಹೆದರಿಕೆ.

ಒಂದು ದಡ್ಡತನವನ್ನೂ ಮಾಡಿದೆ. ಹೇಗೂ ಸುಸ್ತು ಅಂತ ಒಂದೂವರೆ ಮಾತ್ರೆ ನುಂಗಲು ಶುರು ಮಾಡಿದೆ. ಒಂದೆರಡು ತಿಂಗಳಲ್ಲಿ ರಾತ್ರಿ ಎದೆ ಡವಗುಟ್ಟಿ, ಸೀಮೆಸುಣ್ಣ ಹಿಡಿದ ಕೈ ನಡುಗಿತು. ಡಾಕ್ಟರು ಸರಿಯಾಗಿ ಬೈದರು. ಹೃದಯದ ಬಡಿತ ಕೆಡುತ್ತದೆ, ಮೂಳೆ ಸವೆಯುತ್ತದೆ ಅಂತ. ನೀನು ಆ ಕೆಲಸಕ್ಕೆ ಮಾತ್ರ ಹೋಗಬೇಡ.

ಸಲಹೆ ಕೊಡಲು ನಾನೇನು ಡಾಕ್ಟರಲ್ಲ. ಆದರೂ, ನೀನು ಮಾತ್ರೆ ನುಂಗಿದ ಕೂಡಲೇ ಕಾಫಿ ಕುಡಿಯುತ್ತೀಯಾ? ನಾನು ವರ್ಷಗಟ್ಟಲೆ ಕಾಫಿಯಲ್ಲೇ ನುಂಗಿದವಳು. ಅರ್ಧ, ಮುಕ್ಕಾಲು ಗಂಟೆಯಾದರೂ ಬಿಡಬೇಕಂತೆ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗೆ ನಾಲ್ಕು ಗಂಟೆ ಅಂತರ. ಕೂದಲಿಗೆ ಅಂತ ಬಯೋಟಿನ್ ಅನ್ನುವ ವಿಟಮಿನ್ ಮಾತ್ರೆ ತಿನ್ನುತ್ತಿದ್ದರೆ ಡಾಕ್ಟರಿಗೆ ಹೇಳು, ಅದು ರಿಪೋರ್ಟಿನ ಲೆಕ್ಕವನ್ನೇ ತಪ್ಪಿಸಬಹುದು. ಡೋಸ್ ಬದಲಾದರೆ ಆರೆಂಟು ವಾರ ಕಾಯದೆ ಪರೀಕ್ಷೆಗೆ ಓಡಬೇಡ.

ಮತ್ತೆ ರಕ್ತದಲ್ಲಿ ಬಿ12 ವಿಟಮಿನ್, ಕಬ್ಬಿಣದ ಅಂಶ ನೋಡಿಸಿದ್ದೀಯಾ? ನನಗೆ ಎರಡೂ ಕಮ್ಮಿ ಇತ್ತು. ಮಾಂಸ, ಮೊಟ್ಟೆ ಮುಟ್ಟದೆ ಶುದ್ಧ ಪುಳಿಚಾರು ತಿಂದು ಬೆಳೆದವರು ನಾವು. ಅದು ಸರಿಯಾದ ಮೇಲೆ ಅರ್ಧ ಸುಸ್ತು ಹೋಯಿತು. ಇನ್ನರ್ಧ ಹೋಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಮಧ್ಯಾಹ್ನ ಈಗಲೂ ಒಂದು ಗಂಟೆ ಮಲಗುತ್ತೇನೆ. ಯಾರಾದರೂ ಬಂದರೂ ಏಳುವುದಿಲ್ಲ.

ಡಾಕ್ಟರ ಹತ್ತಿರ ಹೋದಾಗ 'ಸ್ವಲ್ಪ ಸುಸ್ತು' ಅನ್ನಬೇಡ. ಮೆಟ್ಟಿಲು ಹತ್ತುವಾಗ ಎಲ್ಲಿ ನಿಂತೆ, ಯಾವ ದಿನ ಸ್ನಾನಕ್ಕೂ ಏಳಲಾಗಲಿಲ್ಲ, ಬರೆದುಕೊಂಡು ಹೋಗು. ಕೇಳದಿದ್ದರೆ ಬೇರೆಯವರನ್ನು ನೋಡು. ನಾನು ಆರು ವರ್ಷ ಕಳೆದೆ, ನೀನು ಆರು ತಿಂಗಳೂ ಕಳೆಯಬೇಡ.

ಈ ಪತ್ರ ಅಮ್ಮನಿಗೆ ತೋರಿಸುವುದು ಬಿಡುವುದು ನಿನಗೆ ಸೇರಿದ್ದು. ನಾನೇ ಅವಳಿಗೆ ಹೇಳಬೇಕಿತ್ತು. ಫೋನ್ ಮಾಡಿದಾಗೆಲ್ಲ ಮಳೆ, ಅಡಿಕೆಗೆ ಕೊಳೆ, ಔಷಧಿ ಹೊಡೆಯಲು ಜನ ಇಲ್ಲ ಅನ್ನುವುದರಲ್ಲೇ ಮಾತು ಮುಗಿದುಹೋಗುತ್ತದೆ.

ನಿನ್ನ ಅತ್ತೆ